ಹಿಂದೆ ನೋಡದೆ ಹಿಂದಕ್ಕೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂಥವಳಲ್ಲ. ಆದರೆ ಆ ಡ್ಯಾನ್ಸ್ ಹಾಲಿನ ನೆಲ ನಿಜವಾಗಿಯೂ ಡೊಂಕಾಗಿತ್ತು. ಟೈರು ಅಂಗಡಿಯ ಮೇಲಿನ ಮಹಡಿ ಅದು. ಕೆಳಗೆ ಚಕ್ರ ಬಿಚ್ಚುವ ಯಂತ್ರ ಗರ್ರೆಂದಾಗಲೆಲ್ಲ ಮೇಲೆ ಕಿಟಕಿಯ ಗಾಜು ನಡುಗುತ್ತಿತ್ತು. ಗುರುವಾರ ಸಂಜೆ ಅಲ್ಲಿ ಟ್ಯಾಂಗೋ ಅನ್ನುವ ಜೋಡಿ ಕುಣಿತ ಕಲಿಸುತ್ತಿದ್ದರು. ನನ್ನಂಥವಳನ್ನು ಅಲ್ಲಿಗೆ ಎಳೆದು ತಂದವಳು ನನ್ನ ತಂಗಿ.

ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡನನ್ನು ಬಿಟ್ಟ ಮೇಲೆ ಒಂದು ಚೀಲ, ಒಂದು ಮರದ ಕಪಾಟು ತೆಗೆದುಕೊಂಡು ನನ್ನ ಮನೆಗೆ ಬಂದಿದ್ದಳು. ಒಂಟಿಯಾಗಿದ್ದ ನನಗೆ ಅದೆಷ್ಟು ಖುಷಿಯಾಗಿತ್ತೆಂದರೆ, ಅದನ್ನು ಅವಳಿಗೆ ಹೇಳಲು ಇವತ್ತಿಗೂ ಆಗಿಲ್ಲ. ಹೇಳಿದ್ದೆಲ್ಲ ಬೇರೆಯೇ. ನಲ್ಲಿ ಹೀಗೆ ತಿರುಗಿಸು, ಬಾಗಿಲು ಹಾಗೆ ಹಾಕಬೇಡ, ಟವೆಲ್ಲು ಅಲ್ಲಲ್ಲ, ಇಲ್ಲಿ. ಕೊನೆಗೊಂದು ದಿನ ಅವಳು ಅಂಗಡಿಯ ಹತ್ತಿರ ಬಾಡಿಗೆಗೆ ಒಂದು ರೂಮು ನೋಡಿ ಬಂದಳು.

"ಅಕ್ಕಾ, ನಿನ್ ಮನೇಲಿ ನಾನು ಉಸಿರಾಡಿದ್ರೂ ಅದನ್ನ ಸರಿಮಾಡ್ತೀಯ," ಅಂದಳು.

"ಹೇಳಿದ್ರೆ ತಪ್ಪಾ?"

"ಒಂದು ಕೆಲಸ ಮಾಡು. ನನ್ ಜೊತೆ ಡ್ಯಾನ್ಸ್ ಕ್ಲಾಸಿಗೆ ಬಾ. ಒಂದೇ ಒಂದು ಹಾಡು, ಪೂರ್ತಿ, ನಾನು ನಡೆಸಿದ ಹಾಗೆ ನಡಿ. ಆಗ ರೂಮು ಬೇಡ ಅಂತೀನಿ."

ಒಂದು ಹಾಡು ತಾನೇ, ಇದೇನು ಮಹಾ ಎಂದುಕೊಂಡೆ.

ನನ್ನ ಕೆಲಸ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು. ಕಲಿಯುವವರು ಸ್ಟೀರಿಂಗ್ ಹಿಡಿದಿರುತ್ತಾರೆ, ನಾನು ಪಕ್ಕದ ಸೀಟಿನಲ್ಲಿ ಜೀವ ಹಿಡಿದಿರುತ್ತೇನೆ. ನನ್ನ ಬಲಗಾಲ ಕೆಳಗೆ ಇನ್ನೊಂದು ಬ್ರೇಕು ಇರುತ್ತದೆ. ಅದನ್ನು ಎಷ್ಟು ತುಳಿದಿದ್ದೇನೆಂದರೆ ಬಸ್ಸಿನಲ್ಲಿ ಕೂತಾಗಲೂ ಆ ಕಾಲು ಸುಮ್ಮನಿರುವುದಿಲ್ಲ. ಇಂಥವಳಿಗೆ ಡ್ಯಾನ್ಸ್ ಮೇಷ್ಟ್ರು ಹೇಳಿದ ಮೊದಲ ಪಾಠವೇ, "ನಡೆಸೋರು ಮುಂದಕ್ಕೆ, ಜೊತೆಯವರು ಹಿಂದಕ್ಕೆ. ನೀವು ಹಿಂದಕ್ಕೆ ನಡೀರಿ. ನೋಡಬೇಡಿ."

ನೋಡದೆ ರಿವರ್ಸು! ಹಾಗೆ ಮಾಡಿದವರನ್ನು ನಾನು ಕಾರಿನಿಂದ ಇಳಿಸಿದ್ದೇನೆ.

ಮೇಷ್ಟ್ರದು ಉದ್ದುದ್ದ ಕಾಲು. ನಾನು ಅವರಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದೆ. ಕೊಕ್ಕರೆ ಹಾಡು ಹಾಕುತ್ತಿದ್ದರು, ತಂಗಿ ನನ್ನ ಬೆನ್ನಿಗೆ ಕೈ ಕೊಟ್ಟು ಹೆಜ್ಜೆ ಇಡುತ್ತಿದ್ದಳು. ನಾನು ಹಿಂದಕ್ಕೆ ಕಾಲು ಇಡುವ ಮೊದಲು ಕತ್ತು ತಿರುಗಿಸಿ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಹೊರಡುತ್ತಿದ್ದೆ. ಅಷ್ಟರಲ್ಲಿ ತಾಳ ಊರು ದಾಟಿರುತ್ತಿತ್ತು. ಯಾರಾದರೂ ಹತ್ತಿರ ಬಂದರೆ ಬಲಗಾಲು ತಾನಾಗಿ ದಬಕ್ಕನೆ ನೆಲ ಒತ್ತುತ್ತಿತ್ತು. ತಂಗಿ ಬಂದು ನನ್ನ ಎದೆಗೆ ಡಿಕ್ಕಿ ಹೊಡೆಯುತ್ತಿದ್ದಳು.

"ಮತ್ತೆ ಬ್ರೇಕ್ ಹಾಕಿದೆ," ಅನ್ನುತ್ತಿದ್ದಳು.

"ನೀನು ಇಂಡಿಕೇಟರ್ ಹಾಕಲಿಲ್ಲ," ಅನ್ನುತ್ತಿದ್ದೆ.

ವಾರ ವಾರವೂ ಇದೇ ಗೋಳು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ನಮಗಿಂತ ಆಮೇಲೆ ಸೇರಿದ ಒಬ್ಬ ದಪ್ಪನೆಯ ಬ್ಯಾಂಕಿನವರು ಹೆಂಡತಿಯ ತೋಳಲ್ಲಿ ತೇಲಿಕೊಂಡು ಹೋಗುತ್ತಿದ್ದರು. ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಹಿಂದಕ್ಕೆ ನಡೆದು ಅಭ್ಯಾಸ ಮಾಡಿದೆ. ಅಲ್ಲಿಯೂ ತಿರುಗಿ ನೋಡಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು. ಆದರೂ ಹೋಗಲೊಲ್ಲದು.

ರೂಮಿನ ಯಜಮಾನಿಗೆ ಉತ್ತರ ಕೊಡಬೇಕಾದ ವಾರ ಬಂತು. ಆ ಗುರುವಾರ ಕೊಕ್ಕರೆ ಮೇಷ್ಟ್ರು ನನ್ನನ್ನು ನೋಡಿ ನೋಡಿ ಸಾಕಾಗಿ ಹತ್ತಿರ ಬಂದರು.

"ಮೇಡಂ, ತಂಗಿ ಭುಜದ ಮೇಲೆ ಹಣೆ ಇಡಿ. ರಸ್ತೆ ಕಾಣಿಸದಿದ್ರೆ ಬ್ರೇಕೂ ನೆನಪಾಗಲ್ಲ."

ಹಣೆ ಇಟ್ಟೆ. ಅವಳ ಕೂದಲಲ್ಲಿ ನನ್ನದೇ ಮನೆಯ ಸೋಪಿನ ವಾಸನೆ. ಹಾಡು ಶುರುವಾಯಿತು. ಅವಳ ಎದೆ ಒಂದಿಷ್ಟು ಮುಂದೆ ಬಂತು, ನನ್ನ ಕಾಲು ಹಿಂದೆ ಹೋಯಿತು. ಅವಳು ನಿಂತಳು, ನಾನೂ ನಿಂತೆ. ತಿರುಗಿದಳು, ತಿರುಗಿದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಷ್ಟೋ ಕಾಲದಿಂದ ಪಕ್ಕದ ಸೀಟಿನಲ್ಲಿ ಕೂತು ಊರವರ ಜೀವ ಕಾಯುತ್ತಿದ್ದ ನನ್ನನ್ನು ಯಾರೋ ಸುಮ್ಮನೆ ಕರೆದುಕೊಂಡು ಹೋಗುತ್ತಿದ್ದರು. ಎಂಥ ಸುಖ! ನಗು ಬಂತು. ಅವಳೂ ನಕ್ಕದ್ದು ಅವಳ ಪಕ್ಕೆಯಲ್ಲಿ ನನಗೆ ತಿಳಿಯಿತು.

ಆಗ ಕೆಳಗಿನ ಟೈರು ಅಂಗಡಿಯಲ್ಲಿ ಯಾವನೋ ಕಾರು ಕಿರ್ರನೆ ನಿಲ್ಲಿಸಿದ.

ನನ್ನ ಬಲಗಾಲು ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿಯಿತು. ಕೆಳಗಿದ್ದದ್ದು ತಂಗಿಯ ಹೆಬ್ಬೆರಳು.

ಅವಳು ಗೋಡೆ ಹಿಡಿದುಕೊಂಡು ಕೂತಳು. ಅರ್ಧ ಹಾಡು ಉಳಿದಿತ್ತು, ಅದು ತನ್ನ ಪಾಡಿಗೆ ತಾನು ಮುಗಿಯಿತು. ಬೆರಳು ಉಜ್ಜಿಕೊಳ್ಳುತ್ತ, "ನಾಳೆ ರೂಮಿಗೆ ಹೂಂ ಅಂತ ಹೇಳಿಬಿಡ್ತೀನಿ ಅಕ್ಕಾ," ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಜಗಳವಾಡಬಹುದಿತ್ತು. ನನಗೆ ಆ ಟೈರಿನವನ ಮೇಲೆ, ಕೊಕ್ಕರೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕಾಲಿನ ಮೇಲೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ವ್ಯಾನು ಬಂತು. ವ್ಯಾನಿನವನು ಬೆನ್ನುನೋವೆಂದು ಇಳಿಯಲಿಲ್ಲ. ಕಪಾಟನ್ನು ನಾವಿಬ್ಬರೇ ಇಳಿಸಬೇಕಾಯಿತು. ನಮ್ಮ ಮೆಟ್ಟಿಲು ಇಕ್ಕಟ್ಟು. ನನ್ನ ಕೈ ಗಟ್ಟಿ, ಹಾಗಾಗಿ ಕೆಳಗಿನ ತುದಿ ನನ್ನದು. ಅಂದರೆ ನಾನು ಹಿಂದುಹಿಂದಕ್ಕೆ ಇಳಿಯಬೇಕು. ಕತ್ತು ತಿರುಗಿಸಿ ನೋಡಿದೆ. ಕಪಾಟು ವಾಲಿ ಅದರ ಮೂಲೆ ಗೋಡೆಗೆ ತಗುಲಿತು.

"ಅಕ್ಕಾ, ನೋಡಬೇಡ," ಮೇಲಿನಿಂದ ತಂಗಿ ಅಂದಳು. "ನನಗೆ ಕಾಣ್ತಿದೆ."

ಬಿಡಿಸಿ ಹೇಳಲು ನನ್ನ ಹತ್ತಿರ ಹತ್ತು ಸೂಚನೆಗಳಿದ್ದವು. ನುಂಗಿಕೊಂಡೆ. ಕಪಾಟಿನ ಬಾಗಿಲಿಗೆ ಹಣೆ ಒತ್ತಿದೆ. ಅವಳು ಆ ಕಡೆಯಿಂದ ಮೆಲ್ಲಗೆ ತಳ್ಳಿದಳು, ನಾನು ಒಂದು ಮೆಟ್ಟಿಲು ಇಳಿದೆ. ಅವಳು ತಡೆದಳು, ನಿಂತೆ. ಕ್ಲಾಸಿನ ಆ ಹಾಡನ್ನು ಅವಳು ಮೂಗಿನಲ್ಲೇ ಗುನುಗಲು ಶುರುಮಾಡಿದಳು. ತಿರುವಿನಲ್ಲಿ ಕಪಾಟು ಗೋಡೆಗೆ ಸೋಕದೆ ತಿರುಗಿತು. ಕೆಳಗೆ ವ್ಯಾನಿನವನು ಅವಸರಕ್ಕೆ ಜೋರಾಗಿ ಹಾರನ್ ಒತ್ತಿದ. ನನ್ನ ಬಲಗಾಲು ದಬಕ್ಕನೆ ತುಳಿಯಿತು. ಅದಕ್ಕೆ ಸಿಕ್ಕಿದ್ದು ಮುಂದಿನ ಮೆಟ್ಟಿಲು, ಅಷ್ಟೇ.

ಬೀದಿಯಲ್ಲಿ ಕಪಾಟು ಇಳಿಸಿ ಇಬ್ಬರೂ ಏದುಸಿರು ಬಿಡುತ್ತ ನಿಂತೆವು.

"ಹಾಡು ಮುಗೀತು," ಅಂದಳು. "ಪೂರ್ತಿ."

"ಹಾಗಾದ್ರೆ ಕಪಾಟು ವಾಪಸ್ ಹತ್ತಿಸೋಣ್ವಾ?"

ನಗೆಯಾಡಿಕೊಂಡೇ ಕೇಳಿದೆ. ಆದರೆ ಕಪಾಟಿನ ತುದಿಯನ್ನು ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಅವಳಿಗೆ ಗೊತ್ತಾಯಿತು. ಧೂಳು ಮೆತ್ತಿದ ಕೈಯಲ್ಲೇ ನನ್ನ ಬೆನ್ನು ಹಿಡಿದಳು, ಕ್ಲಾಸಿನಲ್ಲಿ ಹಿಡಿಯುವ ಹಾಗೆ.

"ಇಲ್ಲ ಅಕ್ಕಾ, ಹೋಗ್ತೀನಿ. ಗುರುವಾರ ಬಂದು ಕರ್ಕೊಂಡು ಹೋಗ್ತೀನಿ, ರೆಡಿಯಾಗಿರು."

ವ್ಯಾನಿನವನು ಕನ್ನಡಿಯನ್ನೂ ನೋಡದೆ ರಿವರ್ಸ್ ತೆಗೆದ. ನಾನು ಬಾಯಿ ತೆರೆದೆ. ಕಿಟಕಿಯಿಂದ ತಂಗಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೈ ಬೀಸಿದೆ.