ದೊರೆ ಮುಳುಗಿದ ಮಡು

ಮೀನು ಹಿಡಿಯುವುದು ನಮಗೆ ಹೊಟ್ಟೆಪಾಡು. ದೊರೆಗಳಿಗೆ ಅದು ಆಟವಂತೆ. ಹಿಡಿದು, ತೂಕ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಎಸೆದು ಹೋಗುತ್ತಾರೆ. ದೊಡ್ಡವರ ವಿಚಾರ, ನಮಗ್ಯಾಕೆ ಬಿಡಿ.

ಕಾನಕಾನಹಳ್ಳಿ ಸೀಮೆಯ ಸಂಗಮದಲ್ಲಿ ಹರಿಗೋಲು ಹಾಕುವವನು ನಾನು, ದಾಸಪ್ಪ. ಒಂದು ಬೇಸಿಗೆ ಬೆಂಗಳೂರಿನ ದಂಡಿನಿಂದ ಒಬ್ಬ ಬಿಳಿ ದೊರೆ ಬಂದ. ಜೊತೆಗೆ ಕುರ್ಚಿ, ಕೊಡೆ, ಗ್ರಾಮಫೋನು, ಚನ್ನಪಟ್ಟಣದ ಬಟ್ಲರ್ ಗಫಾರ್ ಸಾಬಿ. ಇಷ್ಟು ಸಾಲದೆಂದು ನಮ್ಮ ಅಮಲ್ದಾರರು. ಮದುವೆ ದಿಬ್ಬಣಕ್ಕೂ ಇಷ್ಟು ಸಾಮಾನು ಹೊರಡುವುದಿಲ್ಲ.

"ದೊರೆಗೆ ಮೀನು ಸಿಕ್ಕದಿದ್ರೆ ನಿನ್ನ ಹರಿಗೋಲು ಒಲೆಗೆ," ಎಂದರು ಅಮಲ್ದಾರರು.

ಮೀನಿಗೇನು ಬರ? ಯಾರೂ ಗಾಳ ಹಾಕದ ದೇವರ ಮಡುವಿನ ತುಂಬ ಇತ್ತು. ಆದರೆ ಅದರ ಹಿಂದಿನ ವರ್ಷ ಜ್ವರದಲ್ಲಿ ಮಗಳು ಕಣ್ಣುಗುಡ್ಡೆ ಮೇಲೆ ಮಾಡಿದಾಗ ಹೆಂಡತಿ ಬೈರಮ್ಮ ಹರಕೆ ಹೊತ್ತು, ತನ್ನ ಮೂಗುತಿಯನ್ನೇ ಒಂದು ಬಿಳಿಮೀನಿನ ತುಟಿಗೆ ಚುಚ್ಚಿ ಆ ಮಡುವಿಗೆ ಬಿಟ್ಟಿದ್ದಳು. ಮಗು ಉಳಿಯಿತು. ಆ ಮೀನು ಇರುವಷ್ಟು ದಿನ ಮಗಳಿಗೆ ಆಯಸ್ಸು ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ, ಸುಳ್ಳೇಕೆ.

ಎರಡು ದಿನ ಮೀನೇ ಇಲ್ಲದ ಕಡೆ ಸುತ್ತಿಸಿದೆ. ದೊರೆಯ ಮೂಗು ಬಿಸಿಲಿಗೆ ಸಿಪ್ಪೆ ಎದ್ದಿತು. ಮೂರನೆಯ ದಿನ ಅಮಲ್ದಾರರೇ ದೇವರ ಮಡುವಿನತ್ತ ಬೆರಳು ತೋರಿಸಿದರು.

"ಅವು ದೇವ್ರ ಮೀನು ಸ್ವಾಮಿ," ಎಂದೆ.

"ದೊರೆಗಿಂತ ದೊಡ್ಡ ದೇವರೇನೋ? ನಡಿ."

ರಾಗಿಹಿಟ್ಟಿನ ಉಂಡೆ ನೀರಿಗೆ ಬಿದ್ದದ್ದೇ ತಡ, ಗಾಳ ಕಚ್ಚಿತು. ಮೀನು ಮೇಲೆದ್ದಾಗ ತುಟಿಯಲ್ಲಿ ಚಿನ್ನ ಮಿನುಗಿತು. ಬೈರಮ್ಮನ ಮೂಗುತಿ. ಎದ್ದವನೇ ಹರಿಗೋಲಿನ ಒಂದೇ ಅಂಚಿನ ಮೇಲೆ ಮೈಭಾರ ಬಿಟ್ಟೆ.

ದೊರೆ, ಕುರ್ಚಿ, ಗ್ರಾಮಫೋನು, ಅಮಲ್ದಾರರ ಜರಿಪೇಟ, ಎಲ್ಲವೂ ಕಾವೇರಮ್ಮನ ಪಾಲು. ದಾರ ಕಿತ್ತುಕೊಂಡು ಮೀನು ಹೋಯಿತು. ಒಬ್ಬೊಬ್ಬರನ್ನೂ ಸಿಕ್ಕಿದ ಕಡೆ ಹಿಡಿದು ದಡಕ್ಕೆ ಎಳೆದೆ. ಇನ್ನು ನನ್ನ ಕಥೆ ಮುಗಿಯಿತೆಂದು ಕೈಕಟ್ಟಿ ನಿಂತೆ.

ದೊರೆ ನೀರು ಕಕ್ಕಿ, ಕೇಕೆ ಹಾಕಿ ನಕ್ಕ. ಏನೋ ಬಡಬಡಿಸಿದ. ಗಫಾರ್ ಸಾಬಿ ನನ್ನ ಬೆನ್ನು ತಟ್ಟಿದ.

"ಲೇ ದಾಸಪ್ಪ, ಹರಿಗೋಲನ್ನೇ ಮಗುಚಾಕೋ ಅಂಥ ಮೀನು ಎಲ್ಲೂ ಇಲ್ವಂತೆ ಕಣ್ಲಾ! ಮುಂದಿನ್ ತಿಂಗ್ಳು ಇನ್ನೂ ಆರು ಜನ ದೊರೆಗೋಳು ಬತ್ತಾರಂತೆ, ಇದೇ ಮಡೂಗೆ!"

"ಭೇಷ್," ಎಂದರು ಅಮಲ್ದಾರರು, ಪಂಚೆ ಹಿಂಡುತ್ತ.

ಮನೆಗೆ ಬಂದು ಎಲ್ಲ ಹೇಳಿದೆ. ಬೈರಮ್ಮ ಮಗಳನ್ನು ತಬ್ಬಿಕೊಂಡು ಕೂತಿದ್ದಳು.

"ಒಬ್ಬನ್ನ ಮುಳುಗ್ಸಿ ಆರು ಜನನ ಕರ್ದುಬುಟ್ಯಲ್ಲ," ಎಂದಳು. "ಆರು ಜನನ ಮುಳುಗ್ಸುದ್ರೆ ಇನ್ನೆಷ್ಟು ಜನ ಬತ್ತಾರೆ?"