ಜೇಬಿನಲ್ಲಿಟ್ಟ ಮಾತು

ಅಯ್ಯನವರು ನಡೆಯುವಾಗ ಎಡಗೈ ಧಾರಾಳವಾಗಿ ಬೀಸುತ್ತಿತ್ತು, ಬಲಗೈ ಮಾತ್ರ ಕೋಟಿನ ಜೇಬನ್ನು ಬಿಟ್ಟು ಕದಲುತ್ತಿರಲಿಲ್ಲ. ಕಪ್ಪೋ ಕಂದೋ ಹೇಳಲಾಗದಷ್ಟು ಹಳೆಯದಾದ ಆ ಕೋಟಿನ ಬಲಜೇಬು ಜೋತುಬಿದ್ದಿತ್ತು. ಅದರೊಳಗೆ ಒಂದು ಮೋಟು ಪೆನ್ಸಿಲ್ಲು, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಮಾಡಿಕೊಂಡ ಚೀಟಿಗಳು. ಮೂವತ್ತೊಂದು ವರ್ಷ ನಮ್ಮ ಚರ್ಚಿನ ಸಭೆಯ ಪಾಲಕರಾಗಿದ್ದ ಆ ಮನುಷ್ಯನ ಆಡಳಿತವೆಲ್ಲ ಆ ಜೇಬಿನಲ್ಲಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಹಿರಿಯರ ಸಮಿತಿ ಯಾವ ವಿಷಯವನ್ನೇ ಎತ್ತಿಕೊಳ್ಳಲಿ, ಪ್ರಾರ್ಥನೆಗೆ ಮೊದಲು ಅವರು ತಮ್ಮ ಇಚ್ಛೆಯನ್ನು ಚೀಟಿಯಲ್ಲಿ ಬರೆದು, ನಾಲ್ಕಾಗಿ ಮಡಿಸಿ ಜೇಬಿಗಿಳಿಸುತ್ತಿದ್ದರು. ಆಮೇಲೆ ತುಟಿಪಿಟಕ್ಕೆನ್ನದೆ ಕೂರುತ್ತಿದ್ದರು. ಅಭಿಪ್ರಾಯ ಕೇಳಿದರೆ, “ಇರಲಿ, ಕೇಳೋಣ” ಎಂಬ ಎರಡೇ ಮಾತು. ನಿರ್ಧಾರವಾದ ಮೇಲೆ ಚೀಟಿ ಬಿಚ್ಚಿ ಎಲ್ಲರೆದುರು ಓದುತ್ತಿದ್ದರು. ಕಿಟಕಿಗೆ ಹಸಿರು ಬಣ್ಣ ಎಂದು ಬರೆದಿದ್ದರು, ಸಮಿತಿ ಬಿಳಿ ಬಳಿಸಿತು. ಆರಾಧನೆ ಎಂಟಕ್ಕೇ ಇರಲಿ ಎಂದು ಬರೆದಿದ್ದರು, ಪಾಳಿ ಮುಗಿಸಿ ಬರುವ ದಾದಿಯರಿಗಾಗಿ ಅದು ಒಂಬತ್ತೂವರೆಗೆ ಸರಿಯಿತು. ಎಂಟಕ್ಕೆ ಬಾರದವರು ದೇವರಿಗೂ ಬೇಡವೆಂದು ಇಷ್ಟು ವರ್ಷ ನಂಬಿದ್ದೆನಲ್ಲ ಎಂದು ತಮ್ಮನ್ನೇ ಗೇಲಿ ಮಾಡಿಕೊಂಡರು. ಗೆದ್ದ ಚೀಟಿಗಳೂ ಇದ್ದವು. ಅವನ್ನು ಓದುವಾಗ ಮಾತ್ರ ಅವರ ಮುಖದಲ್ಲಿ ಸಣ್ಣದೊಂದು ಅನುಮಾನ ಸುಳಿಯುತ್ತಿತ್ತು.

ನಾನು ಆ ಸಮಿತಿಯ ಕಾರ್ಯದರ್ಶಿ, ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವನು. ಮುಂದೆ ನಿಂತು ದಾರಿ ತೋರಿಸಬೇಕಾದವರು ಹೀಗೆ ಚೀಟಿಯಾಟ ಆಡುವುದನ್ನು ಕಂಡು ಒಮ್ಮೆ ರೇಗಿಬಿಟ್ಟೆ. ಬೇಕಾದ್ದನ್ನು ಬಾಯಿಬಿಟ್ಟು ಹೇಳಿ, ನಾಟಕ ಸಾಕು ಎಂದೆ. ಅವರಿಗೆ ಬೇಸರವಾಗಲಿಲ್ಲ.

“ನನ್ನ ಆಸೆಗೆ ದೇವರ ಅಂಗಿ ತೊಡಿಸೋದು ಬಹಳ ಸುಲಭ ಕಣಪ್ಪ. ಅಳತೇನೂ ಸರಿಯಾಗೇ ಕೂರುತ್ತೆ. ಅದಕ್ಕೇ ಮೊದಲು ಅದನ್ನ ಹಿಡಿದು ಜೇಬಿಗೆ ಹಾಕ್ಕೋತೀನಿ.”

ಆ ಜೇಬಿನ ನಿಜವಾದ ಭಾರ ನನಗೆ ತಿಳಿದದ್ದು ಅವರ ಕೊನೆಯ ಸಮಿತಿಯಲ್ಲಿ. ಮಂಡಿನೋವು ಹೆಚ್ಚಿ, ನಿಂತು ಉಪದೇಶ ಮಾಡುವ ಪ್ರಸಂಗಪೀಠದ ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟವಾಗಿ ಅವರು ನಿವೃತ್ತಿ ಕೇಳಿದ್ದರು. ಮುಂದಿನ ಪಾಲಕರು ಯಾರು? ಇದ್ದವರು ಇಬ್ಬರು: ದೈವಶಾಸ್ತ್ರ ಓದಿ, ಬೇರೊಂದು ಸಭೆಯಲ್ಲಿ ಆರು ವರ್ಷ ಸೇವೆ ಮಾಡಿ, ತಂದೆಯ ಸ್ಥಾನಕ್ಕೆಂದೇ ಕಾದಿದ್ದ ಅವರ ಒಬ್ಬನೇ ಮಗ, ಮಾತಿನ ಮಲ್ಲ, ಮತ್ತು ನಮ್ಮಲ್ಲೇ ಸಹಾಯಕಿಯಾಗಿದ್ದ, ಪ್ರಸಂಗಕ್ಕೆ ನಿಂತರೆ ಮಧ್ಯೆ ಮಧ್ಯೆ ತಡವರಿಸುವ ವಿಧವೆಯೊಬ್ಬರು. ಅಯ್ಯನವರು ಹೂಂ ಎಂದಿದ್ದರೆ ಮಗನ ಆಯ್ಕೆಗೆ ಐದು ನಿಮಿಷವೂ ಬೇಕಿರಲಿಲ್ಲ. ನಾನೂ ಅದನ್ನೇ ಕಾಯುತ್ತಿದ್ದೆ. ಒಂದು ಮಾತು ಹೇಳಿಬಿಡಿ ಎಂದು ಬೇಡಿಕೊಂಡೆ.

“ನನ್ನ ಮಾತು ಜೇಬಲ್ಲಿದೆ, ಅಲ್ಲೇ ಇರಲಿ” ಎಂದರು. ಜೇಬಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡರು.

ಮೊದಲು ಬಾಯಿಬಿಟ್ಟವರು, ಮೂರು ತಿಂಗಳು ಹಾಸಿಗೆ ಹಿಡಿದು ಎದ್ದಿದ್ದ ದರ್ಜಿ ಹಿರಿಯರು. “ಅಯ್ಯನವರ ಮಗನ ಪ್ರಸಂಗ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾನು ಮಲಗಿದ್ದಾಗ ವಾರ ತಪ್ಪದೆ ಬಂದು ಕೂತವರು ಆಯಮ್ಮ.” ಆ ಮಾತಿಗೆ ಒಬ್ಬೊಬ್ಬರಿಗೂ ತಮ್ಮ ಮನೆಯ ಕಾಯಿಲೆ, ತಮ್ಮ ಮನೆಯ ಸಾವು ನೆನಪಾಯಿತು, ಅಲ್ಲೆಲ್ಲ ಆಕೆ ಇದ್ದರು. ಮಗನ ಪರವಾಗಿ ಕೊನೆಗೆ ಉಳಿದವನು ನಾನೊಬ್ಬನೇ, ಅದೂ ಅಯ್ಯನವರ ಮುಖ ನೋಡಿಕೊಂಡು. ನಿರ್ಧಾರ ಬರೆದುಕೊಂಡೆ. ಇವತ್ತು ಚೀಟಿ ಓದುವುದು ಬೇಡ ಎಂದು ನಾವೆಲ್ಲ ಒಕ್ಕೊರಲಿನಿಂದ ಹೇಳಿದೆವು.

ಅವರು ಕೇಳಲಿಲ್ಲ. ಕನ್ನಡಕ ಒರೆಸಿಕೊಂಡು, ಮಡಿಕೆ ಬಿಚ್ಚಿ, ಎಂದಿನ ದನಿಯಲ್ಲೇ ಓದಿದರು: “ನನ್ನ ಮಗ.”

ನನಗೆ ಅಳು ಬಂತು. ಅಷ್ಟು ಸುಲಭವಾಗಿ ಪಡೆಯಬಹುದಾಗಿದ್ದನ್ನು ಕೈಬಿಟ್ಟರಲ್ಲ ಎಂದು ಸಿಟ್ಟೂ ಬಂತು. ಆಕೆಯ ಮನೆಗೆ ತಾವೇ ಹೋಗಿ ಸುದ್ದಿ ಹೇಳಲೆಂದು ಅವರು ಆಗಲೇ ಕುಂಟುತ್ತ ಹೊರಟಿದ್ದರು. ನಾನೂ ಜೊತೆಗೆ ನಡೆದೆ. ಮಗನಿಗೆ ಏನು ಹೇಳುತ್ತೀರಿ ಎಂದು ದಾರಿಯಲ್ಲಿ ಕೇಳಿದೆ.

“ಈ ಚೀಟಿ ಕೊಡ್ತೀನಿ” ಎಂದರು. “ಅಪ್ಪ ತನ್ನ ಪರವಾಗೇ ಇದ್ದ ಅಂತ ಅವನಿಗೆ ಗೊತ್ತಾಗಲಿ.”

ದೇವರ ಚಿತ್ತ ತಮಗೆ ಅಂಗೈ ರೇಖೆಯಷ್ಟು ಸ್ಪಷ್ಟ ಎಂದು ಎದೆ ತಟ್ಟಿಕೊಳ್ಳುವ ನಾಯಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ಹಿಂದೆ ನಡೆದು ಕಾಲು ನೋಯಿಸಿಕೊಂಡೂ ಇದ್ದೇನೆ. ಅಯ್ಯನವರಂಥವರಿಗೆ ಖಚಿತವಾಗಿ ಗೊತ್ತಿರುವುದು ತಮ್ಮ ಆಸೆ ಯಾವುದು ಎಂಬುದೊಂದೇ. ಅದನ್ನು ಅವರು ಕೊಲ್ಲುವುದಿಲ್ಲ, ಬಚ್ಚಿಡುವುದೂ ಇಲ್ಲ. ಇನ್ನೊಂದು ದನಿ ಕೇಳಿಸುವವರೆಗೆ ಅದರ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಅಂಥವರ ಹಿಂದೆ ಕಣ್ಣು ಮುಚ್ಚಿಕೊಂಡು ನಡೆಯಬಹುದು.