ತವರು ನೀರು

ಗಾಜಿನ ಕೊಳವೆಯಲ್ಲಿ ನೀರಿನ ಗೆರೆ ನಡುಗುತ್ತಿದೆ, ನಡುಗಲಿ, ಇದೆಯಲ್ಲ, ಅಷ್ಟು ಸಾಕು, ಬಾಯ್ಲರಿಗೆ ನೀರು ಹೋಗುತ್ತಿದೆ, ಪಂಪಿನ ಗೊಣಗು ಅಂಗಾಲಿನಿಂದ ಹತ್ತಿ ಹಲ್ಲಿಗೆ ಬರುತ್ತಿದೆ — ಮನೆಯಲ್ಲಿ ಬಾಗಿಲ ಪಕ್ಕದ ನೀಲಿ ಚೀಲ, ಜಿಪ್ಪು ಹಾಕಿದ್ದು ಹಾಕಿದಂತೆಯೇ, ಬೆಳಿಗ್ಗೆ ಇವನು ಬೂಟು ಕಟ್ಟುತ್ತ ಅದನ್ನೇ ನೋಡುತ್ತಿದ್ದಾಗ, ಗಂಡನ ಮನೆಯಿಂದ ನಿನ್ನೆ ಬಂದ ಮಗಳು ಗೋಡೆಗೊರಗಿ, ಮಣಿಕಟ್ಟಿನ ಕಪ್ಪು ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅಪ್ಪಾ, ನಾನಿನ್ನು ವಾಪಸ್ ಹೋಗಲ್ಲ, ಇಲ್ಲೇ ಇರ್ಲಾ, ಅಂದಳು, ಇವನು ಬಸ್ಸಿಗೆ ಹೊತ್ತಾಯ್ತು ಎಂದು ಎದ್ದು ಬಂದ, ಬಸ್ಸಂತೆ ಬಸ್ಸು, ಎಂಥ ಅಪ್ಪನಯ್ಯಾ ನೀನು, ಅವಳು ತನ್ನ ಕಾಲ ಮೇಲೆ ನಡೆದು ಬಂದಳಲ್ಲ, ಉಸಿರಿಟ್ಟುಕೊಂಡು ಬಂದಳಲ್ಲ, ಯಾವ ದೇವರಿಗೆ ಕೈ ಮುಗಿಯಲಿ — ಉಗಿ ಟರ್ಬೈನು ತಿರುಗಿಸಿ, ಸುಸ್ತಾಗಿ ಕೆಳಗಿಳಿದು, ತಣ್ಣನೆಯ ಕೊಳವೆಗಳಿಗೆ ತಾಗಿ ಮತ್ತೆ ನೀರಾಗಿ ತೊಟ್ಟಿಗೆ ಬೀಳುತ್ತದೆ, ಹೊರಟ ಬಾಯ್ಲರಿಗೇ ಮರಳುತ್ತದೆ, ಆ ನೀರಿಗೆ ಇಲ್ಲಿ ಎಲ್ಲರ ಬಾಯಲ್ಲೂ ತವರು ನೀರು ಎಂದೇ ಹೆಸರು, ಇವತ್ತು ಪಾಳಿ ಬದಲಾಗುವಾಗ ಬೋಳುತಲೆ ಮೇಸ್ತ್ರಿ ದಿನದಂತೆ ಕೂಗಿದರು, ಏನಯ್ಯಾ, ತವರಿಗೆ ಬಂದಿದ್ದು ಎಷ್ಟು — ಕೂಗಿ ನಾಲಿಗೆ ಕಚ್ಚಿಕೊಂಡರು, ಗೋಡೆಗೂ ಕಿವಿ, ವಿಷಯ ಇಡೀ ಕಾಲೊನಿಗೆ ಗೊತ್ತು, ಇವನು ಮೀಟರು ನೋಡುತ್ತ ನಿಂತ, ಮೇಸ್ತ್ರಿ ಹತ್ತಿರ ಬಂದರು, ಬೇಜಾರು ಮಾಡ್ಕೋಬೇಡ ಕಣಯ್ಯಾ, ಹೊಸ ನೀರು ಎಷ್ಟಾದ್ರೂ ಸಿಗುತ್ತೆ, ಅದರಲ್ಲಿ ಉಪ್ಪು, ಸುಣ್ಣ, ಇದು ಬೆಂದು ಬಂದಿರೋ ನೀರು, ಇದನ್ನ ಚರಂಡಿಗೆ ಬಿಟ್ಟೋನು ಮುಠ್ಠಾಳ, ಭುಜ ತಟ್ಟಿದರು, ಆ ಕೈಯ ಬಿಸಿ ಇನ್ನೂ ಭುಜದ ಮೇಲಿದೆ, ಪುಣ್ಯಾತ್ಮ, ನಿಮ್ಮ ಋಣ ದೊಡ್ಡದು — ಸಂಜೆ ಬೀಗರು ಬರುತ್ತಾರಂತೆ ಅವಳನ್ನು ಕರೆದೊಯ್ಯಲು, ಬರಲಿ, ಕುಡಿಯಲು ನೀರು ಕೊಟ್ಟು ಕಳಿಸೋಣ, ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ನೀರಿನಲ್ಲಿ ಸೇರಿಕೊಂಡ ಗಾಳಿ ಕೊಳವೆಯನ್ನೇ ತಿನ್ನುತ್ತದೆ, ಅದನ್ನು ಕುದಿಸಿ ಓಡಿಸಲು ಮೇಲೊಂದು ದೊಡ್ಡ ತೊಟ್ಟಿಯೇ ಇದೆ, ಗಾಳಿಮಾತಿಗೂ ಒಂದು ಇದ್ದಿದ್ದರೆ, ನಗು ಬಂತು, ಒಬ್ಬನೇ ನಕ್ಕ, ಪಂಪಿನ ಬಳಿಯಿಂದ ಕಂಟ್ರೋಲ್ ಕೋಣೆಯೊಳಗೆ ಬಂದು ಬಾಗಿಲು ಹಾಕಿ ಮನೆಗೆ ಫೋನು ಹಚ್ಚಿದ.

ಹೆಂಡತಿಯ ದನಿ, ರೀ, ಏನೂ ತಿಂದಿಲ್ಲ ಅವಳು, ಚೀಲಾನೂ ಬಿಚ್ಚಿಲ್ಲ, ನಿಮ್ಮ ಮಾತಿಗೇ ಕಾಯ್ತಿದ್ದಾಳೆ — ಬಿಚ್ಚೋಕೆ ಹೇಳೇ, ಬಟ್ಟೆ ಎಲ್ಲಾ ಬೀರುವಿನಲ್ಲಿಡಲಿ, ಜಾಗ ಸಾಲದಿದ್ರೆ ನನ್ನ ಅಂಗಿ ಹೊರಗೆ ಹಾಕು, ಇಲ್ಲೇ ಇರ್ತಾಳೆ ಅಂತ ಹೇಳು, ಇಲ್ಲ, ಅವಳ ಕೈಗೆ ಕೊಡು, ನಾನೇ ಹೇಳ್ತೀನಿ — ಇರು ಮಗಳೇ, ಇಲ್ಲೇ ಇರು — ಆ ಕಡೆ ಮೂಗೆಳೆದ ಸದ್ದು, ಹೆಜ್ಜೆ, ಬಾಗಿಲ ಪಕ್ಕ ಅಲ್ಲವೇ, ನೀಲಿ ಚೀಲ, ಫೋನು ಕಿವಿಗೊತ್ತಿಕೊಂಡ, ಸರ್ರನೆ, ಜಿಪ್ಪು, ಆ ತುದಿಯಿಂದ ಈ ತುದಿಗೆ, ಜಿಪ್ಪು —